ಅಮ್ಮಮ್ಮನ ಬೆರಳಿನ ಗೆರೆ

ಉಡುಪಿ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಿನಗೆ ಬೈದುಬಿಟ್ಟೆ. ಪಾಪ, ನೀನು ಖುಷಿಯಲ್ಲಿದ್ದೆ. "ಅಮ್ಮಾ, ಮೂರು ರಾತ್ರಿ ಮಲಗಿಲ್ಲ, ಚಿತ್ರ ಬಿಡಿಸ್ತಾನೇ ಇದ್ದೇನೆ. ಸುಸ್ತೇ ಆಗ್ತಿಲ್ಲ. ನಾನೂ ಅಮ್ಮಮ್ಮನ ಹಾಗೇ ಅಲ್ವಾ?" ಅಂದೆ. "ಮೊದಲು ಹೋಗಿ ಮಲಗು" ಅಂತ ಕಿರುಚಿ ಫೋನ್ ಇಟ್ಟೆ. ಇಟ್ಟ ಮೇಲೆ ನನ್ನ ಕೈ ನಡುಗುತ್ತಿತ್ತು. ಯಾಕೆ ಅಂತ ನಿನಗೆ ಗೊತ್ತಾಗಬೇಕು. ನೀನು ಅಮ್ಮಮ್ಮನನ್ನು ನೋಡಿದ್ದು ಅವಳು ಚೆನ್ನಾಗಿದ್ದ ವರ್ಷಗಳಲ್ಲಿ. ನಾನು ಎಲ್ಲ ವರ್ಷಗಳಲ್ಲೂ ನೋಡಿದ್ದೇನೆ.

ಅವಳ ಎಡಗೈ ನೆನಪಿದೆಯಾ? ತೋರುಬೆರಳು, ನಡುಬೆರಳಿನ ತುದಿಯಲ್ಲಿ ವೀಣೆಯ ತಂತಿ ಕೊರೆದ ಕಪ್ಪು ಗೆರೆ. ಅದರ ಮೇಲೆ ಉಗುರು ಎಳೆದು ನೀನು ಆಡುತ್ತಿದ್ದೆ. ನನಗೆ ಅದು ಆಟ ಆಗಿರಲಿಲ್ಲ. ಶಾಲೆಯಿಂದ ಬಂದ ಕೂಡಲೇ ಚೀಲ ಕೂಡ ಇಳಿಸದೆ ಅಮ್ಮನ ಕೈ ಹಿಡಿದು ನೋಡುತ್ತಿದ್ದೆ. ಗೆರೆ ಕಪ್ಪಗೆ, ಗಟ್ಟಿಯಾಗಿದ್ದರೆ ಅಮ್ಮ ದಿನಾ ಬೆಳಿಗ್ಗೆ ಕೂತು ನುಡಿಸುತ್ತಿದ್ದಾಳೆ, ಹುಷಾರಿದ್ದಾಳೆ. ಗೆರೆ ಮಾಸಿ ಚರ್ಮ ಮೆತ್ತಗಾಗಿದ್ದರೆ ವೀಣೆ ಮುಟ್ಟದೆ ವಾರಗಳಾದವು. ಗೆರೆ ಒಡೆದು ರಕ್ತ ಕಂಡರೆ ಹೊಟ್ಟೆಯಲ್ಲಿ ಕಸಿವಿಸಿ. ಅವಳು ರಾತ್ರಿಯೆಲ್ಲ ಮಲಗಿಲ್ಲ ಅಂತ ಅರ್ಥ.

ಅವಳ ಕೈ ಎಂತಹದ್ದು ಅಂತ ಹೇಳಲೇಬೇಕು. ಮಂಗಳೂರು ಆಕಾಶವಾಣಿ ಶುರುವಾಗಿದ್ದು 1976ರಲ್ಲಿ, ನಾನು ಹುಟ್ಟುವ ಮುಂಚಿನ ವರ್ಷ. 1984ರಲ್ಲಿ ಅವಳು ಆಡಿಷನ್‌ನಲ್ಲಿ ಮೊದಲ ಸಲಕ್ಕೇ ಪಾಸಾದಳು. ರೆಕಾರ್ಡಿಂಗ್ ಇದ್ದ ದಿನ ಅಪ್ಪ, ಅವಳು ವೀಣೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಹೋಗುತ್ತಿದ್ದರು. ಪ್ರಸಾರದ ದಿನ ಅಕ್ಕಪಕ್ಕದ ಮನೆಯವರೆಲ್ಲ ನಮ್ಮ ಜಗಲಿಯಲ್ಲಿ. ಅವಳ ಮುಖಾರಿ ರಾಗ ಕೇಳಿ ಕಣ್ಣೊರೆಸಿಕೊಂಡವರೇ ಮುಂದೆ "ಅವಳಿಗೆ ಮಂಡೆ ಸಮ ಇಲ್ಲ" ಅಂತಲೂ ಹೇಳಿದರು.

1986ರ ಮಾರ್ಚ್. ನನಗೆ 9 ವರ್ಷ. ರಥಬೀದಿಗೆ ಹೋದವಳು ಶಂಕರಪುರ ಮಲ್ಲಿಗೆ 6 ಅಟ್ಟೆ ತಂದಳು. ಒಂದು ಅಟ್ಟೆ ಅಂದರೆ 4 ಚೆಂಡು, ಒಂದು ಚೆಂಡಿಗೆ 800 ಹೂವು. ಲೆಕ್ಕ ಹಾಕು. ದೇವರಿಗೆ, ಬಾಗಿಲಿಗೆ, ಗಡಿಯಾರಕ್ಕೆ, ಹಟ್ಟಿಯ ದನಕ್ಕೆ, ಎಲ್ಲದಕ್ಕೂ ಮಲ್ಲಿಗೆ. ರಾತ್ರಿ 2 ಗಂಟೆಗೆ ನನ್ನನ್ನು ಎಬ್ಬಿಸಿ, ನನ್ನ ಎರಡು ಜಡೆ ಮುಚ್ಚಿ ಹೋಗುವಷ್ಟು ಮುಡಿಸಿದಳು. ಆಮೇಲೆ ವೀಣೆಗೆ ಕೂತಳು. ನಗುತ್ತಿದ್ದಳು, ಅಳುತ್ತಿದ್ದಳು, ನುಡಿಸುತ್ತಿದ್ದಳು. ಒಂದು ಸತ್ಯ ಹೇಳುತ್ತೇನೆ. ಆ ರಾತ್ರಿ ನನಗೆ ಹಬ್ಬ. ಅಂತಹ ಅಮ್ಮ ಯಾರಿಗಿದ್ದಾಳೆ ಅನ್ನಿಸಿತು. ಅಡವಿಟ್ಟ ಬಳೆಯ ವಿಷಯ ಅಪ್ಪನಿಗೆ ಗೊತ್ತಾಗಿದ್ದು ಐದನೇ ದಿನ. ಅಷ್ಟರಲ್ಲಿ ಅವಳು ಸಿಕ್ಕಿದವರ ಮೇಲೆಲ್ಲ ರೇಗುತ್ತಿದ್ದಳು. ಮಲ್ಲಿಗೆ ಕಂದಿ, ಮನೆಯಿಡೀ ಕೊಳೆತ ವಾಸನೆ. ನನಗೆ ಈಗಲೂ ಬಾಡಿದ ಮಲ್ಲಿಗೆಯ ವಾಸನೆ ಆಗುವುದಿಲ್ಲ.

ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ತಲೆ ಬಾಚಿಕೊಳ್ಳಲಿಲ್ಲ, ಮಾತಾಡಲಿಲ್ಲ. ಕುಚ್ಚಲಕ್ಕಿ ಗಂಜಿ ಮಾಡಲು ನಾನು ಕಲಿತಿದ್ದು ಆಗ. ಗಂಜಿಗೆ ಉಪ್ಪು ಹಾಕಿ, ಒಂದು ಚಮಚ ಕುಡಿಸಿ, ಬಾಯಿ ಒರೆಸಿ, ಮತ್ತೊಂದು ಚಮಚ. ಯಾರಾದರೂ ಕೇಳಿದರೆ "ಅಮ್ಮನಿಗೆ ಜ್ವರ" ಅನ್ನುತ್ತಿದ್ದೆ. ಎರಡು ತಿಂಗಳು ಜ್ವರ! ಶಾಲೆಯಲ್ಲಿ ಒಬ್ಬಳು ತುಳುವಿನಲ್ಲಿ "ಮರ್ಲು" ಅಂದಳು, ಹುಚ್ಚು ಅಂತ. ನಾನು ಅವಳ ಸ್ಲೇಟು ಒಡೆದೆ. ಆ ಹೊಡೆತ ಯಾರಿಗೆ ಬೀಳಬೇಕಿತ್ತೋ ಗೊತ್ತಿಲ್ಲ, ಸ್ಲೇಟಿಗೆ ಬಿತ್ತು.

ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರು, ನಾಗನಿಗೆ ಆಶ್ಲೇಷಾ ಬಲಿ ಮಾಡಿಸಿದರು, ತಾಯಿತ ಕಟ್ಟಿಸಿದರು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಯಾರು ಯಾವ ದಾರಿ ಹೇಳಿದರೂ ಅವರು ಹೋದರು. ಕೊನೆಗೆ 1990ರಲ್ಲಿ ಯಾರೋ ಹೇಳಿದ ಮೇಲೆ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಒಂದು ಗಂಟೆ ಕೂತು ಕೇಳಿ, ಇದು ಕಾಯಿಲೆ, ಇದಕ್ಕೆ ಹೆಸರಿದೆ ಅಂದರು. ಆಗ ಮ್ಯಾನಿಕ್ ಡಿಪ್ರೆಷನ್ ಅನ್ನುತ್ತಿದ್ದರು, ಈಗ ಬೈಪೋಲಾರ್ ಅನ್ನುತ್ತಾರೆ. ಹೊರಗೆ ಬಂದು ಅಪ್ಪ ಮರದಡಿ ನಿಂತು ಅತ್ತರು. ಯಾರೂ ಮಾಡಿದ್ದಲ್ಲ, ಯಾರ ಶಾಪವೂ ಅಲ್ಲ ಅಂತ ಗೊತ್ತಾದ ಸಮಾಧಾನಕ್ಕೆ.

ಮಾತ್ರೆ ಲಿಥಿಯಂ. ಅದು ಒಂದು ಬಗೆಯ ಉಪ್ಪು. ಈ ಕಾಯಿಲೆಗೆ ಅದು ಆಗುತ್ತದೆ ಅಂತ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ತೋರಿಸಿಕೊಟ್ಟರು. ಒಳ್ಳೆಯ ಮಾತ್ರೆ, ಆದರೆ ಲೆಕ್ಕ ತಪ್ಪಬಾರದು. ರಕ್ತದಲ್ಲಿ 0.6ರಿಂದ 1.0ರ ನಡುವೆ ಇರಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದರು. 1.5 ದಾಟಿದರೆ ವಿಷ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಅದು ತಾನಾಗಿಯೇ ಏರುತ್ತದೆ. ನಮ್ಮೂರಿನ ಮೇ ತಿಂಗಳ ಸೆಕೆ ನಿನಗೆ ಗೊತ್ತಲ್ಲ! ಅದರ ಮೇಲೆ ಏಕಾದಶಿ. ನೀರೂ ಮುಟ್ಟದ ಉಪವಾಸ ಇನ್ನು ಬೇಡ ಅಂತ ಡಾಕ್ಟರು ಅಂದಾಗ ನನ್ನ ಸೋದರತ್ತೆ ದೊಡ್ಡ ಗಲಾಟೆ ಮಾಡಿದರು. ಅಮ್ಮ ಒಂದು ಮಾತೂ ಆಡದೆ, ದೇವರ ಎದುರೇ ಒಂದು ಚೊಂಬು ನೀರು ಗಟಗಟ ಕುಡಿದಳು. ಅವಳ ಧೈರ್ಯ ನೆನೆದರೆ ನನಗೆ ಮೊದಲು ಬರುವುದು ಆ ಚೊಂಬು.

ಆದರೆ ಮಾತ್ರೆಯಿಂದ ಕೈ ನಡುಗುತ್ತಿತ್ತು. ಸ್ವರ ಬಳುಕಿಸುವ ಗಮಕಕ್ಕೆ ತಂತಿ ಎಳೆದರೆ ಸ್ವರ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಆ ಕಷ್ಟ ಯೋಚಿಸು. 1993ರಲ್ಲಿ ಒಂದು ಕಛೇರಿಗೆ ಎರಡು ವಾರ ಇರುವಾಗ ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. "ಅದು ನನ್ನ ವೀಣೆ ಕದಿಯುತ್ತಿದೆ" ಅಂದಳು ಆಮೇಲೆ. ಕಛೇರಿಯ ದಿನ ಅವಳು ಇದ್ದದ್ದು ಆಸ್ಪತ್ರೆಯಲ್ಲಿ. ಆಮೇಲೆ ಡಾಕ್ಟರು ಲಿಥಿಯಂ ಸ್ವಲ್ಪ ಇಳಿಸಿ, ನಡುಕಕ್ಕೆ ಬೇರೆ ಮಾತ್ರೆ ಕೊಟ್ಟರು. ಮೊದಲೇ ಕೇಳಬಹುದಿತ್ತು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ವರ್ಷ ಹಿಡಿಯಿತು, ಆದರೆ ಬೆರಳಿನ ಗೆರೆ ಮತ್ತೆ ಕಪ್ಪಾಯಿತು.

ಈಗ ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಅಮ್ಮಮ್ಮನ ಸಂಗೀತ ಆ ನಿದ್ದೆಗೆಟ್ಟ ರಾತ್ರಿಗಳಿಂದ ಬಂತು ಅಂತ ತುಂಬ ಜನ ನಂಬಿದ್ದಾರೆ. ನೀನೂ ನಂಬಿದ್ದೀಯ. ಕಪಾಟಿನಲ್ಲಿ ಎರಡು ಕ್ಯಾಸೆಟ್ ಇವೆ, ಈ ಸಲ ಬಂದಾಗ ಕೇಳು. ಒಂದು ಆ ಮಲ್ಲಿಗೆಯ ರಾತ್ರಿ ಅಪ್ಪ ಟೇಪ್ ಮಾಡಿದ್ದು. ಮಿಂಚಿನ ಹಾಗಿದೆ, ನಿಜ. ಆದರೆ ಒಂದು ರಾಗ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಾಳೆ. ಎಲ್ಲ ಸ್ವರಕ್ಕೂ ಆಧಾರವಾದ ಷಡ್ಜಕ್ಕೆ ಬಂದು ಕೂರುವುದೇ ಇಲ್ಲ. ಇನ್ನೊಂದು 1998ರದ್ದು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಗ. ಮುಕ್ಕಾಲು ಗಂಟೆ ಮುಖಾರಿ. ಒಂದು ಸ್ವರ ಎಳೆದು ಬಿಟ್ಟು ಸುಮ್ನೆ ಕೂರುತ್ತಾಳೆ, ಹಿಂದೆ ಮಳೆ ಕೇಳಿಸುತ್ತದೆ. ಆ ಸುಮ್ಮನಿರುವಿಕೆ ಅವಳದ್ದು, ಮಗಳೇ. ಅವಳ ವೀಣೆಯನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯಲು ನಾನು ಬಿಡುವುದಿಲ್ಲ. ಬೆಳಿಗ್ಗೆ 5ಕ್ಕೆ ಎದ್ದು 40 ವರ್ಷ ಕೂತು ಅವಳು ಸಂಪಾದಿಸಿದ್ದು ಅದು.

ಕಾಯಿಲೆ ಮನೆತನದಲ್ಲಿ ಬರುತ್ತದಾ? ಬರಬಹುದು. ಸಾಮಾನ್ಯ ಜನರಲ್ಲಿ 100ಕ್ಕೆ ಒಬ್ಬರಿಗೋ ಇಬ್ಬರಿಗೋ ಬಂದರೆ, ತಾಯಿಗೋ ತಂದೆಗೋ ಇದ್ದವರಲ್ಲಿ ಸುಮಾರು 10 ಜನಕ್ಕೆ. ಅಂದರೆ ನನ್ನಂತಹ 90 ಜನಕ್ಕೆ ಬರುವುದಿಲ್ಲ. ನಿನಗೆ ಅದು ಇನ್ನೂ ಕಡಿಮೆ. ಆದರೆ ಶುರುವಾಗುವುದು ಜಾಸ್ತಿ ನಿನ್ನ ವಯಸ್ಸಿನಲ್ಲೇ. ಅದಕ್ಕೇ ಕಿರುಚಿದೆ. ಚಿತ್ರ ಬಿಡಿಸು, ಎಷ್ಟು ಬೇಕಾದರೂ ಬಿಡಿಸು. ರಾತ್ರಿ ಮಲಗು. ನಿದ್ದೆ ಇಲ್ಲದೆಯೂ ಸುಸ್ತಾಗುತ್ತಿಲ್ಲ ಅನ್ನಿಸಿದರೆ ನನಗೆ ಹೇಳು, ಬೈಯುವುದಿಲ್ಲ, ಮಾತು ಕೊಡುತ್ತೇನೆ. ನನಗೆ ಹೇಳಲು ಮನಸ್ಸಿಲ್ಲದಿದ್ದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ರಾತ್ರಿ ಹೊತ್ತಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ.

ಇನ್ನೊಂದು ವಿಷಯ, ನಿನಗೆ ಯಾವತ್ತೂ ಹೇಳಿಲ್ಲ. 2006ರಲ್ಲಿ ನೀನು ಹುಟ್ಟಿದಾಗ ಬಾಣಂತನಕ್ಕೆ ಇಲ್ಲಿಗೇ ಬಂದೆ. ಮೊದಲ ದಿನವೇ ಅಮ್ಮ ಎಲ್ಲ ಗೊತ್ತು ಮಾಡಿಬಿಟ್ಟಿದ್ದಳು. ರಾತ್ರಿ 8ಕ್ಕೆ ತಾನು ಮಾತ್ರೆ ನುಂಗಿ ಮಲಗುವುದು, 3ರವರೆಗೆ ಅಜ್ಜ ನಿನ್ನನ್ನು ನೋಡಿಕೊಳ್ಳುವುದು, 3ರಿಂದ ತಾನು. ಹಾಲು ಕುಡಿಸಲು ಮಾತ್ರ ನನ್ನನ್ನು ಎಬ್ಬಿಸುವುದು. ಇದೆಲ್ಲ ಯಾಕಮ್ಮಾ, ಎಲ್ಲ ಬಾಣಂತಿಯರೂ ನಿದ್ದೆಗೆಡುತ್ತಾರಲ್ಲ ಅಂದೆ. ಅವಳು ನಿನ್ನ ಬೆನ್ನು ತಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದಳು. "ನನಗೆ ಮೊದಲ ಸಲ ಶುರುವಾಗಿದ್ದು ನಿನ್ನನ್ನು ಹೆತ್ತ ಬಾಣಂತನದಲ್ಲಿ. ಹತ್ತು ದಿನ ಕಣ್ಣು ಮುಚ್ಚಿರಲಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತುಂಟು. ನೀನು ಮಲಗು."

ನಾನು ಮಲಗಿದೆ. 40 ದಿನವೂ ಮಲಗಿದೆ. ಬೆಳಗಿನ ಜಾವ ಎಚ್ಚರವಾದಾಗ ಅವಳು ಕಿಟಕಿಯ ಹತ್ತಿರ ನಿನ್ನನ್ನು ತೊಡೆ ಮೇಲೆ ಹಾಕಿಕೊಂಡು ಕೂತಿರುತ್ತಿದ್ದಳು. ಎಡಗೈ ಬೆರಳನ್ನು ನೀನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದೆ. ಗೆರೆ ಕಪ್ಪಗಿತ್ತು.

ನಿನ್ನ ಅಮ್ಮ