ಮಗಳಿಗೊಂದು ಪತ್ರ: ತಾತನ ಪದ್ಮಿನಿಗೆ ಯಾವ ಪುಸ್ತಕ?

ಪ್ರೀತಿಯ ಪುಟ್ಟಿ,

ಯಾವುದನ್ನು ಕೊಳ್ಳಲಿ ಅಂತ ಕೇಳಿ ನೀನು ಕಳಿಸಿದ ಪುಸ್ತಕಗಳ ಫೋಟೋ ನೋಡಿದೆ: ಹೇನ್ಸ್ ಪುಸ್ತಕ, ಪಾರ್ಟ್ಸ್ ಕ್ಯಾಟಲಾಗ್, ಕಂಪನಿಯ ಮ್ಯಾನ್ಯುಯಲ್, ಬ್ರಿಟಿಷ್ ಕಾರುಗಳ ದೊಡ್ಡ ಪುಸ್ತಕ. ತಾತನ ಹಳೇ ಪದ್ಮಿನಿ ಕಾರನ್ನು ನೀನೇ ಬಿಚ್ಚಿ ಜೋಡಿಸಬೇಕು ಅಂತ ಹಟ ಹಿಡಿದಿದ್ದೀಯಲ್ಲ, ನನಗೆ ಖುಷಿಯೇ. "ಮೆಕ್ಯಾನಿಕ್ ಹತ್ತಿರ ಬಿಟ್ಟರೆ ಆಗಲ್ವಾ" ಅಂತ ನಿಮ್ಮಪ್ಪ ಗೊಣಗುತ್ತಿದ್ದಾರೆ. ನೀನು ತಲೆ ಕೆಡಿಸಿಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಆರ್ಡರ್ ಮಾಡಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಹೇನ್ಸ್ ಪುಸ್ತಕದ ವಿಷಯ. ಹೇನ್ಸ್‌ನವರದು ಒಳ್ಳೆಯ ಹೆಸರು, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡಿನ ಆ ಕಂಪನಿಯ ಮೊದಲ ವರ್ಕ್‌ಶಾಪ್ ಮ್ಯಾನ್ಯುಯಲ್, ಅಂದರೆ ರಿಪೇರಿ ಕೈಪಿಡಿ, 1966ರಲ್ಲಿ ಬಂತು, ಆಸ್ಟಿನ್ ಹೀಲಿ ಸ್ಪ್ರೈಟ್ ಅನ್ನುವ ಪುಟ್ಟ ಕಾರಿಗೆ. ಅವರು ಒಂದು ಕಾರನ್ನು ತಂದು, ಪೂರ್ತಿ ಬಿಚ್ಚಿ, ಫೋಟೋ ತೆಗೆದು, ಮತ್ತೆ ಜೋಡಿಸಿ ಪುಸ್ತಕ ಬರೆಯುತ್ತಿದ್ದರು. ಅದಕ್ಕೇ ಮನೆಯಲ್ಲಿ ಕಲಿಯುವವರಿಗೆ ಅದು ಅರ್ಥವಾಗುತ್ತದೆ. ಆದರೆ ನಿನ್ನ ಫೋಟೋದಲ್ಲಿರುವುದು ಫಿಯಟ್ 124ರ ಪುಸ್ತಕ ಕಣೇ. ಎರಡೂ ಫಿಯಟ್ ತಾನೇ ಅನ್ನಬೇಡ. ನಮ್ಮ ಪದ್ಮಿನಿ ಮೂಲದಲ್ಲಿ ಫಿಯಟ್ 1100 ಡಿ, ಅದಕ್ಕಿಂತ ಹಳೇ ಡಿಸೈನು. 124ಕ್ಕೆ ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್, ನಮ್ಮದಕ್ಕೆ ನಾಲ್ಕೂ ಡ್ರಮ್. ಅದಕ್ಕೆ ಹಿಂದೆ ಕಾಯಿಲ್ ಸ್ಪ್ರಿಂಗ್, ನಮ್ಮದಕ್ಕೆ ಲೀಫ್ ಸ್ಪ್ರಿಂಗ್. 124ರ ಬಾಡಿ ನಮ್ಮ ದೇಶದಲ್ಲಿ, ಪದ್ಮಿನಿ ಮಾಡಿದ ಪ್ರೀಮಿಯರ್ ಕಂಪನಿಯಿಂದಲೇ, ಪ್ರೀಮಿಯರ್ 118 ಎನ್‌ಇ ಆಗಿ ಬಂತು, ಆದರೆ ಅದಕ್ಕೆ ನಿಸಾನ್ ಎಂಜಿನ್ ಹಾಕಿದ್ದರು. ಆ ಪುಸ್ತಕ ಬಿಡು.

ಪದ್ಮಿನಿ ಅಂತಲೇ ಬರೆದಿರುವ ಪುಸ್ತಕ ಸಿಕ್ಕಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ಪದ್ಮಿನಿ? ಪ್ರೀಮಿಯರ್‌ನವರು ಮುಂಬೈನಲ್ಲಿ 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಶುರು ಮಾಡಿದರು. ಪದ್ಮಿನಿ ಅನ್ನುವ ಹೆಸರು ಬಂದದ್ದು 70ರ ದಶಕದಲ್ಲಿ. ಕೊನೆಗೆ 2000ದ ಹೊತ್ತಿಗೆ ತಯಾರಿಕೆ ನಿಂತಿತು. ಅಷ್ಟು ವರ್ಷವೂ ಪೆಟ್ರೋಲ್ ಎಂಜಿನ್ ಅದೇ 1089 ಸಿಸಿ. ಆದರೆ ಮಧ್ಯೆ ಡೀಸೆಲ್ ಪದ್ಮಿನಿಯೂ ಬಂತು. ಸ್ಟೇರಿಂಗ್ ಪಕ್ಕದಲ್ಲಿದ್ದ ಗೇರ್ ಕೊನೆಕೊನೆಗೆ ಕೆಳಗಿಳಿಯಿತು. ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಇದ್ದ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಹಾಗಾಗಿ ದುಡ್ಡು ಕೊಡುವ ಮುಂಚೆ ಟಾರ್ಚ್ ಹಿಡಿದು ಶೆಡ್ಡಿಗೆ ಹೋಗು. ಎಂಜಿನ್ ನಂಬರ್, ಚಾಸಿ ನಂಬರ್ ಬರೆದುಕೋ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಮೇಲೆ ಯಾವ ಹೆಸರು ಇದೆ ಓದು. ಇರುವುದು ಡೈನಮೋನಾ ಆಲ್ಟರ್ನೇಟರಾ ನೋಡು. ಆರ್‌ಸಿಯಲ್ಲಿರುವ ವರ್ಷ ಒಂದನ್ನೇ ನಂಬಬೇಡ. ನಮ್ಮ ಕಡೆ ಹಳೇ ಕಾರಿಗೆ ಸಿಕ್ಕಿದ ಪಾರ್ಟ್ ಹಾಕಿ ಓಡಿಸಿದವರೇ ಜಾಸ್ತಿ, ತಾತನೂ ಅದರಲ್ಲಿ ಕಮ್ಮಿ ಇರಲಿಲ್ಲ.

ಈಗ ನೀನು "ಇದು ಬೇಡ, ಬರೀ ಚಿತ್ರ" ಅಂತ ಪಕ್ಕಕ್ಕೆ ಇಟ್ಟೆಯಲ್ಲ, ಆ ಪಾರ್ಟ್ಸ್ ಕ್ಯಾಟಲಾಗ್. ಅದನ್ನೇ ಮೊದಲು ತಗೋ. ಬಸ್ ಡಿಪೋ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದವಳು ನಾನು, ನನ್ನದು ಸ್ವಲ್ಪ ಪಕ್ಷಪಾತ ಅನ್ನು. ಆದರೂ ಹೇಳುತ್ತೇನೆ, ಹೊಸದಾಗಿ ಕಲಿಯುವವರಿಗೆ ಅಷ್ಟು ಹೇಳಿಕೊಡುವ ಪುಸ್ತಕ ಇನ್ನೊಂದಿಲ್ಲ. ಅದರಲ್ಲಿ ಒಂದೊಂದು ಭಾಗವನ್ನೂ ಬಿಡಿಸಿ, ಸಾಲಾಗಿ ಹರಡಿ ತೋರಿಸಿರುತ್ತಾರೆ. ಮುಂದಿನ ಚಕ್ರದ ಹಬ್ ಪುಟ ತೆಗೆದು ನೋಡು. ಆಯಿಲ್ ಸೀಲ್, ಒಳಗಿನ ಬೇರಿಂಗ್, ಹೊರಗಿನ ಬೇರಿಂಗ್, ವಾಷರ್, ನಟ್, ಯಾವುದರ ಹಿಂದೆ ಯಾವುದು ಕೂರುತ್ತದೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬ್ರೇಕ್ ಶೂ ಬಿಚ್ಚಿದಾಗ ಸ್ಪ್ರಿಂಗ್ ಟಪ್ ಅಂತ ಹಾರಿ ಮೂಲೆ ಸೇರುತ್ತದೆ. ಅದು ಯಾವ ತೂತಿನಿಂದ ಬಂತು ಅಂತ ಆಗ ಹೇಳುವುದು ಈ ಚಿತ್ರವೇ. ಹಿಂದೆ ಯಾರೋ ಒಂದು ವಾಷರ್ ಹಾಕದೆ ಬಿಟ್ಟಿದ್ದರೆ ಅದೂ ಇದರಲ್ಲೇ ಸಿಕ್ಕಿಬೀಳುತ್ತದೆ. ಬೆಂಗಳೂರಿನ ಜೆ.ಸಿ. ರೋಡಿಗೆ ಪಾರ್ಟ್ ಹುಡುಕಿಕೊಂಡು ಹೋದಾಗ ಪಾರ್ಟ್ ನಂಬರ್ ಬರೆದುಕೊಂಡು ಹೋಗು, ಹಳೇ ಪೀಸನ್ನೂ ಚೀಲದಲ್ಲಿ ಹಾಕಿಕೋ. ಎರಡೂ ಇದ್ದರೆ ಅಂಗಡಿಯವರ ಹತ್ತಿರ ವಾದವೇ ಇರುವುದಿಲ್ಲ.

ಆದರೆ ಕ್ಯಾಟಲಾಗ್ ಅಳತೆ ಹೇಳುವುದಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಹತ್ತಿರ ಬಿಡುವ ಸಣ್ಣ ಸಂದು) ಎಷ್ಟು, ಎಂಜಿನ್ ಮೇಲಿನ ಹೆಡ್ ಬೋಲ್ಟ್ ಎಷ್ಟು ಬಿಗಿ, ಯಾವ ಕ್ರಮದಲ್ಲಿ ಬಿಗಿ ಮಾಡಬೇಕು, ಇದಕ್ಕೆಲ್ಲ ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಬೇಕೇ ಬೇಕು. ಅದನ್ನು ಬರೆದದ್ದು ಕಂಪನಿಯ ಮೆಕ್ಯಾನಿಕ್‌ಗಳಿಗೆ, ನಿನಗಲ್ಲ. "ಗೇರ್ ಬಾಕ್ಸ್ ಇಳಿಸಿ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಇಂತಿಂಥ ನಂಬರಿನ ಸ್ಪೆಷಲ್ ಟೂಲ್ ಬಳಸಿ ಅನ್ನುತ್ತಾರೆ, ಆ ಟೂಲ್ ಈಗ ಯಾರ ಹತ್ತಿರವೂ ಸಿಗುವುದಿಲ್ಲ. ಓದುವಾಗ ಬೇಜಾರು ಮಾಡಿಕೊಳ್ಳಬೇಡ.

ಮ್ಯಾನ್ಯುಯಲ್‌ನಲ್ಲೂ ಪ್ರೀಮಿಯರ್‌ದು ಸಿಕ್ಕಿದರೆ ಅದೇ ಇರಲಿ. ಇಟಲಿಯ ಫಿಯಟ್ ಪುಸ್ತಕದ ಚಿತ್ರಗಳಲ್ಲಿ ಸ್ಟೇರಿಂಗ್ ಎಡಗಡೆ ಇರುತ್ತದೆ. ಎಂಜಿನ್ ಒಳಗಿನ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ಪೆಡಲ್, ಗೇರ್ ರಾಡ್ ಅಂತ ಬಂದಾಗ ತಲೆ ತಿರುಗುತ್ತದೆ. ಇನ್ನೊಂದು ವಿಷಯ ನೆನಪಿಟ್ಟುಕೋ. ಹಳೇ ಫಿಯಟ್ ಪುಸ್ತಕಗಳಲ್ಲಿ ಬಿಗಿಯ ಲೆಕ್ಕ ಕೆಜಿ-ಮೀಟರ್‌ನಲ್ಲಿರುತ್ತದೆ, ಎಷ್ಟು ಬಿಗಿ ಅಂತ ಅಳೆಯುವ ಈಗಿನ ಟಾರ್ಕ್ ವ್ರೆಂಚ್ ಮೇಲೆ ನ್ಯೂಟನ್ ಮೀಟರ್ ಇರುತ್ತದೆ. 1 ಕೆಜಿ-ಮೀಟರ್ ಅಂದರೆ 9.81 ನ್ಯೂಟನ್ ಮೀಟರ್. ಪುಸ್ತಕದಲ್ಲಿ 6 ಅಂತಿದ್ದರೆ ನೀನು ಸುಮಾರು 59ಕ್ಕೆ ಇಡಬೇಕು. ಇದು ಲೆಕ್ಕ ತೋರಿಸುವುದಕ್ಕೆ ಹೇಳಿದ್ದು, ಇದನ್ನೇ ಹೆಡ್ ಬೋಲ್ಟಿಗೆ ಹಾಕಬೇಡ ಮತ್ತೆ!

ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯಲ್ಲಿ ಏನಾದರೂ ಸಿಕ್ಕಿದರೆ ಮುಖಪುಟ ನೋಡಿ ಮರುಳಾಗಬೇಡ. ಒಂದು ಕೆಲಸ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗು, ಟ್ಯಾಪೆಟ್ ಸೆಟ್ಟಿಂಗ್ ಅಂತ ಇಟ್ಟುಕೋ. ಪ್ರತಿ ಪುಸ್ತಕದಲ್ಲೂ ಅದೇ ಪುಟ ತೆಗೆ. ಎಂಜಿನ್ ತಣ್ಣಗಿರಬೇಕಾ ಬಿಸಿ ಇರಬೇಕಾ, ಇನ್‌ಲೆಟ್‌ಗೂ ಎಕ್ಸಾಸ್ಟ್‌ಗೂ ಬೇರೆ ಗ್ಯಾಪಾ, ಯಾವ ವಾಲ್ವ್ ಮೊದಲು, ಇದಿಷ್ಟನ್ನು ಹೇಳದ ಪುಸ್ತಕ ವಾಪಸ್ ಇಟ್ಟುಬಿಡು. ಸ್ಕ್ಯಾನ್ ಮಾಡಿದ ಪ್ರತಿ ಕೊಡುತ್ತೇನೆ ಅಂದರೆ ಮೊದಲು ವೈರಿಂಗ್ ಡಯಾಗ್ರಾಂ ಪುಟ ಕೇಳು. ಮಡಚುವ ದೊಡ್ಡ ಹಾಳೆಯನ್ನು ಅರ್ಧ ಮಾತ್ರ ಸ್ಕ್ಯಾನ್ ಮಾಡಿರುವುದು ಮಾಮೂಲು. ಅದೂ ಅಲ್ಲದೆ ತಾತನ ಕಾರಿನ ವೈರಿಂಗ್ ಯಾವ ಪುಸ್ತಕದ ಪ್ರಕಾರವೂ ಇಲ್ಲ. ಅಲ್ಲಿ ನೀನೇ ಒಂದು ನಕ್ಷೆ ಬರೆದುಕೊಳ್ಳಬೇಕು.

ಬ್ರಿಟಿಷ್ ಕಾರುಗಳ ಆ ದೊಡ್ಡ ಸಾಮಾನ್ಯ ಪುಸ್ತಕ ಬೇಡ. ಅಂಬಾಸಿಡರ್‌ಗಾದರೆ ಸರಿ, ಅದರ ನಟ್ಟು ಬೋಲ್ಟು ಇಂಚಿನ ಲೆಕ್ಕದ್ದು. ನಮ್ಮದು ಮೆಟ್ರಿಕ್. ಅದರ ಬದಲು ಐಟಿಐ ಹುಡುಗರು ಓದುವ ಮೋಟಾರ್ ಮೆಕ್ಯಾನಿಕ್ ಪುಸ್ತಕ ಒಂದು ಇರಲಿ. ಕಾರ್ಬ್ಯುರೇಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಕಂಪನಿ ಮ್ಯಾನ್ಯುಯಲ್ ಹೇಳಿಕೊಡುವುದಿಲ್ಲ.

ಹಳೇ ಪುಸ್ತಕದಲ್ಲಿರುವ ಎಲ್ಲವನ್ನೂ ಹಾಗೇ ಮಾಡಬೇಡ. ಬ್ರೇಕ್ ಡ್ರಮ್ ಧೂಳನ್ನು ಗಾಳಿ ಹೊಡೆದು ತೆಗೆಯಿರಿ ಅಂತ ಇದ್ದರೆ ಅದನ್ನು ಅಲ್ಲಿಗೇ ಬಿಡು. ಆ ಕಾಲದ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸು, ಮಾಸ್ಕ್ ಹಾಕು. ಪೆಟ್ರೋಲ್‌ನಲ್ಲಿ ಪಾರ್ಟ್ ತೊಳೆಯುವುದೂ ಬೇಡ, ಅದೂ ಆ ಮುಚ್ಚಿದ ಶೆಡ್ಡಿನಲ್ಲಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಸೇರಿರುತ್ತದೆ, ಹಳೇ ರಬ್ಬರ್ ಪೈಪನ್ನು ಅದು ಹಾಳು ಮಾಡುತ್ತದೆ. ಇದು ಆ ಪುಸ್ತಕ ಬರೆದವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ಪೈಪ್ ಎಲ್ಲ ಹೊಸದು ಹಾಕಿಸು.

ಹಾಗಾದರೆ ಈ ತಿಂಗಳು ಕ್ಯಾಟಲಾಗ್ ಮತ್ತು ಐಟಿಐ ಪುಸ್ತಕ ತಗೋ. ಮ್ಯಾನ್ಯುಯಲ್‌ಗೆ ಆ ಮಾರುವವರು ಕೇಳುತ್ತಿರುವ ಬೆಲೆ ಜಾಸ್ತಿಯಾಯಿತು, ವೈರಿಂಗ್ ಪುಟ ಹರಿದಿದೆ ಅಂತ ತೋರಿಸಿ ಚೌಕಾಸಿ ಮಾಡು. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಓನರ್ಸ್ ಹ್ಯಾಂಡ್‌ಬುಕ್ ಇದ್ದರೂ ಇರಬಹುದು, ಹುಡುಕು. ಯಾವ ಆಯಿಲ್, ಟೈರಿಗೆ ಎಷ್ಟು ಗಾಳಿ ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಟಾರ್ಕ್ ವ್ರೆಂಚ್ ದುಡ್ಡು ನಾನು ಕಳಿಸುತ್ತೇನೆ, ಅಪ್ಪನಿಗೆ ಹೇಳಬೇಡ. ಹಬ್ಬಕ್ಕೆ ಬರುವಾಗ ಕ್ಯಾಟಲಾಗ್ ತಗೊಂಡು ಬಾ, ನಾನೂ ನೋಡಬೇಕು.

ಇಂತಿ ನಿನ್ನ
ಅಮ್ಮ