ಡಯಾಲಿಸಿಸ್‌ಗೆ ಹೋಗುವವರಿಗೊಂದು ಬೆಚ್ಚನೆ ಅಂಗಿ

ಪ್ರೀತಿಯ ಮಂಜು,

ಅಮ್ಮನ ಹೊಲಿಗೆ ಮಿಷನ್ ರಿಪೇರಿ ಮಾಡಿಸಿದೆಯಲ್ಲ, ತುಂಬಾ ಖುಷಿಯಾಯಿತು. ಆಸ್ಪತ್ರೆಯಲ್ಲಿರುವವರಿಗೆ ಏನು ಹೊಲಿದುಕೊಡಲಿ ಅಂತ ಕೇಳಿದ್ದೀಯ. ಟೋಪಿ, ಶಾಲು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನೀನು ಡಯಾಲಿಸಿಸ್‌ಗೆ, ಅಂದರೆ ಕಿಡ್ನಿ ಕೆಟ್ಟು ಮಿಷನ್ನಿನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಲು, ಬರುವವರಿಗೆ ಫ್ಲೀಸ್ ಅನ್ನುವ ಮೆತ್ತನೆಯ ಬಟ್ಟೆಯ ಅಂಗಿ ಹೊಲಿ. ಅವರಷ್ಟು ನಡುಗುವವರನ್ನು ನಾನು ಬೇರೆ ಯಾವ ವಾರ್ಡಿನಲ್ಲೂ ನೋಡಿಲ್ಲ.

ಚಿಕ್ಕಪ್ಪನ ಜೊತೆ ಹೋಗಿ ಹೋಗಿ ಇದೆಲ್ಲ ತಿಳಿಯಿತು. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮಲಗಿರಬೇಕು. ರಕ್ತ ಟ್ಯೂಬಿನಲ್ಲಿ ಮೈಯಿಂದ ಹೊರಗೆ ಬಂದು, ಫಿಲ್ಟರ್ ದಾಟಿ, ಅಷ್ಟೊತ್ತಿಗೆ ಸ್ವಲ್ಪ ತಣ್ಣಗಾಗಿ ಒಳಗೆ ಹೋಗುತ್ತದೆ. ಫಿಲ್ಟರಿನ ಆಚೆ ಬದಿಯಲ್ಲಿ ರಕ್ತದ ಕಲ್ಮಶ ಎಳೆದುಕೊಳ್ಳುವ ದ್ರಾವಣ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ಹರಿಯುತ್ತಿರುತ್ತದೆ. ನಾಲ್ಕು ಗಂಟೆಗೆ 120 ಲೀಟರ್ ಆಯಿತು ನೋಡು. ಬಿಪಿ ಇಳಿಯುವವರಿಗೆ ಡಾಕ್ಟರೇ ಆ ದ್ರಾವಣದ ಬಿಸಿ ಇಳಿಸುವುದೂ ಉಂಟು. ಮೊದಲೇ ರಕ್ತ ಕಡಿಮೆ ಇರುವ ಮೈ, ಮೇಲೆ ಎಸಿ. ಹಲ್ಲು ಕಟಕಟ ಅನ್ನದೆ ಇನ್ನೇನು?

ಕಂಬಳಿ ಹೊದ್ದರೆ ಆಯಿತಲ್ಲ ಅಂತೀಯಾ? ಕಷ್ಟ ಇರುವುದೇ ಅಲ್ಲಿ. ಎರಡು ಸೂಜಿ ಚುಚ್ಚುವ ಕೈ, ಅಂದರೆ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ ಜಾಗ, ಫಿಸ್ಟುಲಾ, ಇರುವ ಕೈ, ನಾಲ್ಕು ಗಂಟೆಯೂ ಕಣ್ಣಿಗೆ ಕಾಣುತ್ತಿರಬೇಕು. ಹೊದಿಕೆ ಒಳಗೆ ಸೂಜಿ ಜಾರಿದರೆ ಕೆಲವೇ ನಿಮಿಷದಲ್ಲಿ ರಕ್ತ ಹೋಗಿ ಜೀವಕ್ಕೇ ಕುತ್ತು. ಮಿಷನ್ನಿನ ಅಲಾರಾಂ ಎಲ್ಲ ಸಲವೂ ಹೊಡೆದುಕೊಳ್ಳುತ್ತದೆ ಅಂತ ನಂಬುವ ಹಾಗಿಲ್ಲ. ಪಕ್ಕದ ಹಾಸಿಗೆಯ ಅಜ್ಜ ಚಳಿ ತಡೆಯದೆ ಹೊದಿಕೆಯನ್ನು ಮೆಲ್ಲಗೆ ಕೈ ಮೇಲೆ ಎಳೆದುಕೊಳ್ಳುತ್ತಿದ್ದರು. ಸಿಸ್ಟರ್ ಬಂದು ಸರಿಸುತ್ತಿದ್ದರು. ಅವರು ಆಚೆ ಹೋದ ಮೇಲೆ ಅಜ್ಜ ಮತ್ತೆ ಎಳೆದುಕೊಳ್ಳುತ್ತಿದ್ದರು. ಇಬ್ಬರದೂ ತಪ್ಪಿಲ್ಲ, ಅಲ್ವಾ?

ಅದಕ್ಕೇ ಈ ಅಂಗಿ. ಮುಂದೆ ತೆರೆಯುವ ಸಡಿಲ ಜಾಕೆಟ್ಟು ಅಂದುಕೋ. ಫಿಸ್ಟುಲಾ ಕೈಯ ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಉದ್ದಕ್ಕೆ ಸೀಳಿ, ಪ್ಲಾಸ್ಟಿಕ್ ಟಿಚ್ ಬಟನ್ ಹಾಕು. ಸೂಜಿ ಇರುವಷ್ಟು ಜಾಗ ಮಾತ್ರ ಬಿಚ್ಚಿಟ್ಟು, ಉಳಿದದ್ದನ್ನು ಮುಚ್ಚಬಹುದು. ವೆಲ್ಕ್ರೋ ಬೇಡ. ಅದರ ಮುಳ್ಳು ಫ್ಲೀಸಿಗೆ ಕಚ್ಚಿಕೊಳ್ಳುತ್ತದೆ, ತೆಳುವಾದ ಚರ್ಮವನ್ನೂ ಗೀರುತ್ತದೆ. ಎಲಾಸ್ಟಿಕ್ ಅಂತೂ ಹಾಕಲೇಬೇಡ, ಆ ಕೈಗೆ ಯಾವ ಬಿಗಿಯೂ ಆಗಬಾರದು. ಇನ್ನೊಂದು ತೋಳೂ ಸಡಿಲ ಇರಲಿ, ಬಿಪಿ ನೋಡುವುದು ಅದರಲ್ಲೇ. ಕುತ್ತಿಗೆ ಹತ್ತಿರ ಕ್ಯಾಥೆಟರ್ (ರಕ್ತನಾಳಕ್ಕೆ ಇಳಿಸಿದ ಟ್ಯೂಬ್) ಇರುವವರಿಗೆ ತೋಳಿನ ಬದಲು ಎದೆಯ ಮೇಲ್ಭಾಗ ತೆರೆಯಬೇಕು. ಹಾಗಾಗಿ ಕತ್ತರಿ ಹಿಡಿಯುವ ಮೊದಲು ಯಾರಿಗೆ, ಯಾವ ಕಡೆ ಅಂತ ಸಿಸ್ಟರ್ ಹತ್ತಿರ ಕೇಳಿಕೋ.

ಬಣ್ಣ ತಿಳಿಯಾಗಿರಲಿ. ಕಲೆ ಕಾಣದಿರಲಿ ಅಂತ ಮರೂನ್, ನೇವಿ ಬ್ಲೂ ತರುತ್ತಾರೆ. ಇಲ್ಲಿ ರಕ್ತ ಒಸರಿದರೆ ತಕ್ಷಣ ಕಾಣಬೇಕು. ಕಲೆಯನ್ನು ಕೂಡಲೇ ತಣ್ಣೀರಿನಲ್ಲಿ ನೆನೆಸಿದರೆ ಹೋಗುತ್ತದೆ.

ಫ್ಲೀಸ್ ಹೊಲಿಯುವುದು ಸುಲಭ. ಇದು ಉಣ್ಣೆ ಅಲ್ಲ, ಪಾಲಿಯೆಸ್ಟರ್. 1979ರಲ್ಲಿ ಅಮೆರಿಕದ ಮಾಲ್ಡೆನ್ ಮಿಲ್ಸ್ ಈ ತರಹದ ಬಟ್ಟೆ ಮಾಡಿತಂತೆ, ಈಗ ನೀರಿನ ಬಾಟಲಿ ಕರಗಿಸಿಯೂ ಮಾಡುತ್ತಾರೆ. ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ, ಮಡಚಿ ಹೊಲಿಯುವ ಕೆಲಸವೇ ಇಲ್ಲ. ತುಂಡನ್ನು ಎಳೆದು ನೋಡು, ಜಾಸ್ತಿ ಹಿಗ್ಗುವ ಕಡೆ ಮೈ ಸುತ್ತ ಬರಬೇಕು. 14ನೇ ನಂಬರಿನ ಸೂಜಿ ಹಾಕು, ಹೊಲಿಗೆ ಉದ್ದ 3 ಮಿಲಿಮೀಟರಿಗಿಂತ ಕಡಿಮೆ ಬೇಡ. ಬಾಬಿನ್ ಸುತ್ತ ನಯವಾದ ಜುಂಗು ಕೂರುತ್ತದೆ, ಆಗಾಗ ಬ್ರಷ್‌ನಿಂದ ತೆಗೆ. ಬಿಸಿ ಇಸ್ತ್ರಿ ತಾಗಿದರೆ ಕರಗುತ್ತದೆ. ಒಲೆ, ಹೀಟರ್ ಹತ್ತಿರ ಹಾಕಿಕೊಂಡು ಕೂರಬೇಡಿ ಅಂತ ಒಂದು ಚೀಟಿ ಬರೆದಿಡು.

ಮೊದಲನೆಯದನ್ನು ಬಸ್ಸಿಗೆ ಹಾಕಿ ಕಳಿಸು. ಚಿಕ್ಕಪ್ಪ ಹಾಕಿಕೊಂಡು ಮಲಗಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಹೇಳುತ್ತಾರೆ. ಎದೆಯ ಅಳತೆ 38. ಅವರ ಫಿಸ್ಟುಲಾ ಎಡಗೈಯಲ್ಲಿದೆ, ಮೊಣಕೈಗಿಂತ ಸ್ವಲ್ಪ ಮೇಲೆ.

ನಿನ್ನ
ಶಾಂತಾ