ಕೋಟು ಹಾಕು, ಇಲ್ಲವೇ ಬಫೆಗೆ ಹೋಗು. ಬಾಗಿಲಲ್ಲಿ ಜಗಳ ಮಾತ್ರ ಬೇಡ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಕ್ರೂಸ್‌ಗೆ, ಅಂದರೆ ಮೋಜಿನ ಹಡಗು ಪ್ರಯಾಣಕ್ಕೆ, ಟಿಕೆಟ್ ಆಯಿತು ಅಂತ ತಿಳಿದು ಖುಷಿಯಾಯಿತು. ಆದರೆ ನೀನು ಬರೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಟ್ಟೇ ಇತ್ತು. "ದುಡ್ಡು ಕೊಟ್ಟು ಹೋಗೋದು ನಾನು. ಊಟಕ್ಕೆ ಏನು ಹಾಕ್ಕೋಬೇಕು ಅಂತ ಹೇಳೋಕೆ ಅವರ್ಯಾರು? ಚಡ್ಡಿಯಲ್ಲೇ ಹೋಗ್ತೀನಿ, ಯಾರು ತಡೀತಾರೋ ನೋಡ್ತೀನಿ" ಅಂತ ಬರೆದಿದ್ದೀಯ. ಅದರ ಕೆಳಗೇ ಇನ್ನೊಂದು ಪ್ರಶ್ನೆ: ಬಿಲ್ಲಿಗೆ ದಿನಾ ಸೇರಿಸುವ ಟಿಪ್ಸ್ ತೆಗೆಸಿಬಿಡಬಹುದಂತೆ, ತೆಗೆಸಲಾ?

ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಈ ಎರಡೂ ಪ್ರಶ್ನೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಹಡಗಿನಲ್ಲಿ ನಮಗೆ ಸಿಟ್ಟು ಬಂದಾಗ ಅದು ಯಾರ ಮೇಲೆ ಬೀಳುತ್ತದೆ ಅನ್ನುವ ಜಾಗಕ್ಕೆ. ಇದನ್ನು ಬೇರೆಯವರೂ ಕೇಳುತ್ತಿರುತ್ತಾರೆ, ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಬಟ್ಟೆಯ ವಿಷಯ ಮುಗಿಸೋಣ. ನೀನು ಅಂದುಕೊಂಡಷ್ಟು ಬಿಗಿ ಈಗ ಎಲ್ಲೂ ಇಲ್ಲ. ಅಟ್ಲಾಂಟಿಕ್ ದಾಟುತ್ತಿದ್ದ ಹಳೇ ಹಡಗುಗಳಲ್ಲಿ ಮೊದಲ ದರ್ಜೆಯವರು ರಾತ್ರಿ ಊಟಕ್ಕೆ ದಿನಾ ಸಿಂಗರಿಸಿಕೊಂಡು ಬರಬೇಕಿತ್ತು. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಮಾತ್ರ ವಿನಾಯಿತಿ, ಯಾಕೆಂದರೆ ಪೆಟ್ಟಿಗೆ ಬಿಚ್ಚಿರುವುದಿಲ್ಲ ಅಥವಾ ಆಗಲೇ ಕಟ್ಟಿ ಆಗಿರುತ್ತದೆ. ಆ ಪದ್ಧತಿಯ ನೆರಳು ಇವತ್ತಿಗೂ ಜಾಸ್ತಿ ಉಳಿದಿರುವುದು ಕ್ಯುನಾರ್ಡ್ ಕಂಪನಿಯ ಹಡಗುಗಳಲ್ಲಿ. ಅವರ 'ಗಾಲಾ' ರಾತ್ರಿಗಳಲ್ಲಿ ಗಂಡಸರು ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟು, ಟೈ ಹಾಕಬೇಕು. ಅವರವರ ದೇಶದ ಸಾಂಪ್ರದಾಯಿಕ ಉಡುಗೆಯೂ ನಡೆಯುತ್ತದೆ. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ ಇಷ್ಟು ಬಿಗಿ ಇಲ್ಲ. ಎರಡರಿಂದ ಐದು ದಿನದ ಪ್ರಯಾಣವಾದರೆ ಒಂದು 'ಎಲಿಗೆಂಟ್' ರಾತ್ರಿ (ಸಿಂಗರಿಸಿಕೊಂಡು ಬರುವ ರಾತ್ರಿ), ಅದಕ್ಕಿಂತ ಉದ್ದವಾದರೆ ಎರಡು. ನಾರ್ವೇಜಿಯನ್ ಕಂಪನಿ 2000ನೇ ಇಸವಿಯಲ್ಲಿ 'ಫ್ರೀಸ್ಟೈಲ್' ಅಂತ ಶುರು ಮಾಡಿ, ಗೊತ್ತುಮಾಡಿದ ಹೊತ್ತು, ಗೊತ್ತುಮಾಡಿದ ಮೇಜು, ಕಡ್ಡಾಯದ ಸೂಟು ಎಲ್ಲವನ್ನೂ ಕೈಬಿಟ್ಟಿತು. ಅದರ ನಂತರ ಉಳಿದವರೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಾ ಬಂದರು.

ಅಂದರೆ ಯಾವ ಹಡಗಿನಲ್ಲಿ ಯಾವ ನಿಯಮ ಅನ್ನುವುದು ಟಿಕೆಟ್ ಕೊಳ್ಳುವ ಮೊದಲೇ ಗೊತ್ತಿರುತ್ತದೆ. ಕಂಪನಿಯ ಸೈಟಿನಲ್ಲಿ ಬರೆದಿರುತ್ತದೆ. ಆಯಾ ದಿನ ಕ್ಯಾಬಿನ್ನಿಗೆ ಬರುವ ಚೀಟಿಯಲ್ಲೋ ಕಂಪನಿಯ ಆ್ಯಪಿನಲ್ಲೋ ಮತ್ತೆ ನೆನಪಿಸುತ್ತಾರೆ. ಬೇಡ ಅನ್ನಿಸಿದರೆ ಬಫೆ ಇದ್ದೇ ಇದೆ. ಅಷ್ಟು ಬಿಗಿಯಾದ ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಿನಲ್ಲೂ ಗಾಲಾ ರಾತ್ರಿ ಸೂಟು ಬೇಡವೆನ್ನುವವರು ಕಿಂಗ್ಸ್ ಕೋರ್ಟ್ ಅನ್ನುವ ಬಫೆಯಲ್ಲಿ ಆರಾಮಾಗಿ ಉಣ್ಣಬಹುದು. ಯಾರನ್ನೂ ಹಸಿವಿನಲ್ಲಿ ಕಳಿಸುವುದಿಲ್ಲ.

ನನಗೆ ಕೇಳಿದರೆ, ಡ್ರೆಸ್ ಕೋಡ್ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಒಂದು ರಾತ್ರಿ ಎಲ್ಲರೂ ಚೆಂದ ಕಾಣಲಿ ಅಂತ ಬಯಸುವವರು ಇದ್ದಾರೆ. ಅವರೂ ನಿನ್ನಷ್ಟೇ ದುಡ್ಡು ಕೊಟ್ಟು ಬಂದಿರುತ್ತಾರೆ. ಅದರಲ್ಲಿ ಕಂಪನಿಯ ವ್ಯಾಪಾರವೂ ಇದೆ. ಫಾರ್ಮಲ್ ರಾತ್ರಿ ಮೆಟ್ಟಿಲ ಹತ್ತಿರ, ಲಾಬಿಯಲ್ಲಿ ಫೋಟೋಗ್ರಾಫರ್‌ಗಳು ಪರದೆ ಕಟ್ಟಿಕೊಂಡು ನಿಂತಿರುತ್ತಾರಲ್ಲ, ಆ ಫೋಟೋಗಳನ್ನು ಆಮೇಲೆ ನಮಗೇ ಮಾರುತ್ತಾರೆ. ಇದು ಗೊತ್ತಿದ್ದೂ ಒಂದು ಸಂಜೆ ಕೋಟು ಹಾಕಲು ನನಗೆ ಬೇಸರವಿಲ್ಲ. ನಿನಗೆ ಬೇಸರವಿದ್ದರೆ ಅದೂ ಸರಿಯೇ. ಇಲ್ಲಿಯವರೆಗೆ ನಮ್ಮಿಬ್ಬರ ನಡುವೆ ಜಗಳವೇ ಇಲ್ಲ.

ಜಗಳ ಇರುವುದು "ಯಾರು ತಡೀತಾರೋ ನೋಡ್ತೀನಿ" ಅನ್ನುವ ಮಾತಿನ ಜೊತೆ.

ಯಾರು ತಡೆಯುತ್ತಾರೆ ಅಂತ ಹೇಳುತ್ತೇನೆ, ಕೇಳು. ಊಟದ ಹಾಲಿನ ಬಾಗಿಲಲ್ಲಿ ಒಂದು ಡೆಸ್ಕು. ಅದರ ಹಿಂದೆ ಇಪ್ಪತ್ತು ಚಿಲ್ಲರೆ ವಯಸ್ಸಿನ ಒಬ್ಬ ಹುಡುಗಿಯೋ ಹುಡುಗನೋ. ಇಂಥವರನ್ನು ಒಳಗೆ ಬಿಡಬೇಡಿ ಅಂತ ಮೇಲಿನವರು ಹೇಳಿದ್ದಾರೆ. ಅತಿಥಿಗೆ ನೋವಾಗಬಾರದು ಅಂತಲೂ ಅದೇ ಮೇಲಿನವರು ಹೇಳಿದ್ದಾರೆ. ನಿನ್ನನ್ನು ಬಿಟ್ಟರೆ ಹಿಂದೆ ಟೈ ಕಟ್ಟಿಕೊಂಡು ನಿಂತವನು ದೂರು ಕೊಡುತ್ತಾನೆ. ಬಿಡದಿದ್ದರೆ ನೀನು ದೂರು ಕೊಡುತ್ತೀಯ. ಎರಡೂ ದೂರು ಬರುವುದು ಆ ಮಗುವಿನ ಹೆಸರಿಗೇ. ನಿಯಮ ಬರೆದವನು ಯಾವುದೋ ದೇಶದ ಆಫೀಸಿನಲ್ಲಿ ಕೂತಿರುತ್ತಾನೆ, ಅವನ ಕಿವಿಗೆ ಇದು ಯಾವುದೂ ಬೀಳುವುದಿಲ್ಲ.

ನಾನು ಒಮ್ಮೆ ಇದನ್ನು ಕಣ್ಣಾರೆ ನೋಡಿದ್ದೇನೆ. ಚಡ್ಡಿಯಲ್ಲಿ ಬಂದಿದ್ದ ಒಬ್ಬರು ಬಾಗಿಲಲ್ಲಿ ನಿಂತು ಜೋರಾಗಿ ಕೂಗಾಡಿದರು. ಆ ಹುಡುಗಿ ನಗುಮುಖ ಬಿಡದೆ "ಸಾರಿ ಸರ್, ಮೇಲಿನ ಡೆಕ್‌ನಲ್ಲಿ ಬಫೆ ತೆರೆದಿದೆ ಸರ್" ಅಂತ ಹೇಳುತ್ತಲೇ ಇದ್ದಳು. ಆತ ಬ್ಯಾಡ್ಜಿನ ಮೇಲಿದ್ದ ಅವಳ ಹೆಸರನ್ನು ಗಟ್ಟಿಯಾಗಿ ಓದಿ, "ನೆನಪಿಟ್ಟುಕೊಳ್ತೀನಿ" ಅಂದರು. ಆಗ ಮಾತ್ರ ಅವಳ ಮುಖ ಬಣ್ಣ ಕಳೆದುಕೊಂಡಿತು. ಪ್ರಯಾಣ ಮುಗಿದ ಮೇಲೆ ನಾವು ತುಂಬುವ ಸರ್ವೇ ಫಾರಂ ಇದೆಯಲ್ಲ, ಅದರಲ್ಲಿ ಬರುವ ಹೆಸರುಗಳನ್ನು ಹಡಗಿನವರು ಗಂಭೀರವಾಗಿ ನೋಡುತ್ತಾರೆ. ಬಡ್ತಿ, ಮುಂದಿನ ಕಾಂಟ್ರಾಕ್ಟು, ಒಳ್ಳೆ ಸೆಕ್ಷನ್ನಿನ ಮೇಜು, ಎಲ್ಲದರಲ್ಲೂ ಆ ಅಂಕಗಳ ಪಾತ್ರ ಇರುತ್ತದೆ. ನಮಗೆ ಅದು ಐದು ನಿಮಿಷದ ಸಿಟ್ಟು ಅಷ್ಟೇ.

ಇನ್ನು ಬಟ್ಟೆಯದ್ದೇ ಮಾತಾಡುವುದಾದರೆ, ಅವರನ್ನು ನೋಡು. ಬೆಳಿಗ್ಗೆ ತಿಂಡಿಗೆ ಒಂದು ಸಮವಸ್ತ್ರ, ರಾತ್ರಿ ಊಟಕ್ಕೆ ಇನ್ನೊಂದು. ಇಸ್ತ್ರಿ ಸರಿಯಿರಬೇಕು, ಶೂ ಹೊಳೆಯಬೇಕು, ಹೆಸರಿನ ಬ್ಯಾಡ್ಜು ನೇರ ಇರಬೇಕು. ವಾರದಲ್ಲಿ ಒಂದು ರಾತ್ರಿ ಟೈ ಕಟ್ಟಲು ನಮಗೆ ಸೆಕೆ. ಅವರಿಗೆ ಡ್ರೆಸ್ ಕೋಡ್ ದಿನಾ ಇದೆ, ತಿಂಗಳುಗಟ್ಟಲೆ ಇದೆ.

ಅವರ ದಿನ ಹೇಗಿರುತ್ತದೆ ಅಂತ ಗೊತ್ತಾದರೆ ನಿನಗೂ ಬೇಜಾರಾಗುತ್ತದೆ. ವೇಟರ್‌ಗಳ ಕಾಂಟ್ರಾಕ್ಟು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟೂ ದಿನ, ವಾರಕ್ಕೆ ಏಳು ದಿನವೂ ಕೆಲಸ. ಪೂರ್ತಿ ಒಂದು ದಿನ ರಜೆ ಸಿಗುವುದು ಅಪರೂಪ. ತಿಂಡಿಗೆ ಬಡಿಸಿ, ಮಧ್ಯಾಹ್ನದ ಊಟಕ್ಕೆ ಬಡಿಸಿ, ರಾತ್ರಿ ಎರಡು ಪಂಕ್ತಿ ಮುಗಿಸಿ, ಮೇಜು ಒರೆಸಿ ಮರುದಿನಕ್ಕೆ ಜೋಡಿಸಿಟ್ಟು ಮಲಗುವ ಹೊತ್ತಿಗೆ ನಡುರಾತ್ರಿ. ಮಲಗುವುದು ಕೆಳಗಿನ ಡೆಕ್‌ನಲ್ಲಿ, ಕಿಟಕಿ ಇಲ್ಲದ ಚಿಕ್ಕ ಕ್ಯಾಬಿನ್ನಿನಲ್ಲಿ, ಒಂದರ ಮೇಲೊಂದು ಇರುವ ಹಾಸಿಗೆಗಳಲ್ಲಿ. ಹಡಗು ಬಂದರಿನಲ್ಲಿ ನಿಂತಾಗಲೂ ಎಲ್ಲರೂ ಇಳಿಯುವಂತಿಲ್ಲ. ಸುರಕ್ಷತೆಗೆ ಇಷ್ಟು ಜನ ಹಡಗಿನಲ್ಲೇ ಇರಬೇಕು ಅಂತ ಸರದಿ ಇರುತ್ತದೆ. ಹೆಚ್ಚಿನವರು ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದಂಥ ದೇಶಗಳಿಂದ ಬಂದವರು. ಮನೆಗೆ ದುಡ್ಡು ಕಳಿಸಲೆಂದೇ ಬಂದವರು.

ಕಾನೂನು ಇಲ್ಲವಾ ಅಂತ ಕೇಳುತ್ತೀಯ. ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, 2006ರಲ್ಲಿ ಹಡಗಿನ ಕೆಲಸಗಾರರಿಗಾಗಿ ಒಂದು ಒಪ್ಪಂದ ಮಾಡಿತು. ಅದು ಜಾರಿಗೆ ಬಂದದ್ದು 2013ರ ಆಗಸ್ಟ್ 20ಕ್ಕೆ. ಭಾರತ 2015ರಲ್ಲಿ ಒಪ್ಪಿಕೊಂಡಿತು. ಕೆಲಸದ ಮಿತಿ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ದೇಶಗಳು ಇದನ್ನು ಬಿಟ್ಟು ವಿಶ್ರಾಂತಿಯ ಲೆಕ್ಕವನ್ನೂ ಆರಿಸಿಕೊಳ್ಳಬಹುದು: ದಿನಕ್ಕೆ ಕಡಿಮೆಯೆಂದರೆ 10 ಗಂಟೆ, ವಾರಕ್ಕೆ 77 ಗಂಟೆ. ಆ ಹತ್ತು ಗಂಟೆಯನ್ನೂ ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆಗಿಂತ ಕಡಿಮೆ ಇರಬಾರದು ಅಷ್ಟೇ. ಯೋಚನೆ ಮಾಡು, ಕಾನೂನು ಪಾಲಿಸಿದ ಹಡಗಿನಲ್ಲೂ ಒಬ್ಬ ವೇಟರ್ ಸತತವಾಗಿ ಆರು ಗಂಟೆಯಷ್ಟೇ ಬಿಡುವು ಸಿಕ್ಕಿ ನಿನ್ನ ಮುಂದೆ ನಗುತ್ತಾ ನಿಂತಿರಬಹುದು. ಆ ಆರು ಗಂಟೆಯಲ್ಲೇ ಸ್ನಾನ, ಮನೆಗೆ ಫೋನು, ನಿದ್ದೆ ಎಲ್ಲ.

ಆ ಒಪ್ಪಂದದಲ್ಲಿ ಒಳ್ಳೆಯದೂ ಬೇಕಾದಷ್ಟಿದೆ. ಕೆಲಸ ಕೊಡಿಸಲು ಏಜೆಂಟು ಕೆಲಸಗಾರನಿಂದ ಫೀಸು ವಸೂಲು ಮಾಡುವಂತಿಲ್ಲ. ಕಾಂಟ್ರಾಕ್ಟು ಮುಗಿದವರನ್ನು ಕಂಪನಿ ತನ್ನ ಖರ್ಚಿನಲ್ಲಿ ಮನೆಗೆ ಕಳಿಸಬೇಕು. ಹಡಗಿನಲ್ಲೇ ದೂರು ಕೊಡುವ ದಾರಿ ಇರಬೇಕು, ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವಂತಿಲ್ಲ. ಆದರೆ ಹಡಗಿನ ಮೇಲೆ ನಡೆಯುವುದು ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾದಲ್ಲಿ ನೋಂದಣಿಯಾಗಿವೆ. ಅವುಗಳಲ್ಲಿ ಎಷ್ಟಕ್ಕೋ ಪ್ರಯಾಣಿಕರು ಹತ್ತುವುದು ಅಮೆರಿಕದ ಮಯಾಮಿಯಂಥ ಬಂದರಿನಲ್ಲಿ. ಅಮೆರಿಕದ ಬಾವುಟದಡಿ ಓಡುವ 'ಪ್ರೈಡ್ ಆಫ್ ಅಮೆರಿಕ'ದಲ್ಲಿ ಕೆಲಸಗಾರರಿಗೆ ಅಮೆರಿಕದ ಕೂಲಿ ಕಾನೂನು ಅನ್ವಯಿಸುತ್ತದೆ. ಬೇರೆ ಬಾವುಟದ ಹಡಗಿನಲ್ಲಿ ಅದೇ ತಟ್ಟೆ ಹೊರುವವನಿಗೆ ಅದು ಅನ್ವಯಿಸುವುದಿಲ್ಲ. ಐಟಿಎಫ್ ಅನ್ನುವ ಸಾರಿಗೆ ಕಾರ್ಮಿಕರ ಜಾಗತಿಕ ಒಕ್ಕೂಟ ಹೀಗೆ ಬೇರೆ ದೇಶದ ಬಾಡಿಗೆ ಬಾವುಟ ಹಾರಿಸುವ ಪದ್ಧತಿಯ ವಿರುದ್ಧ 1948ರಿಂದ ಹೋರಾಡುತ್ತಿದೆ. ಇನ್ನೂ ಹೋರಾಡುತ್ತಲೇ ಇದೆ.

ಈಗ ಟಿಪ್ಸ್ ವಿಷಯ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಹೆಚ್ಚುಕಡಿಮೆ 16ರಿಂದ 20 ಡಾಲರ್ ಬಿಲ್ಲಿಗೆ ಸೇರುತ್ತದೆ. ಗೆಸ್ಟ್ ಸರ್ವೀಸಸ್ ಕೌಂಟರಿಗೆ ಹೋಗಿ ಕೇಳಿದರೆ ತೆಗೆಯುತ್ತಾರೆ, ಅದು ನಿಜ. "ಸಂಬಳ ಕೊಡಬೇಕಾದ್ದು ಕಂಪನಿ, ನಾನ್ಯಾಕೆ?" ಅಂತ ನೀನು ಕೇಳಿದ್ದೂ ನ್ಯಾಯವೇ. ನನ್ನ ಅಭಿಪ್ರಾಯವೂ ಅದೇ. ದುಡಿದವನ ಅನ್ನ ಅತಿಥಿಯ ಮನಸ್ಸಿನ ಮೇಲೆ ನಿಲ್ಲಬಾರದು. ಆದರೆ ನೀನು ಆ ದುಡ್ಡು ತೆಗೆಸಿದರೆ ಕಂಪನಿಗೆ ಏನೂ ಆಗುವುದಿಲ್ಲ, ಅದರ ಟಿಕೆಟ್ ಹಣ ಆಗಲೇ ಜೇಬಿಗೆ ಬಿದ್ದಿದೆ. ಕಡಿಮೆಯಾಗುವುದು ಹಂಚಿಕೊಳ್ಳುವವರ ಪಾಲು. ಬಡಿಸುವವರು, ಹಾಸಿಗೆ ಹಾಸುವವರು ಮಾತ್ರವಲ್ಲ, ಕಣ್ಣಿಗೆ ಬೀಳದವರೂ ಅದರಲ್ಲಿ ಇರುತ್ತಾರೆ. ಕಟುಕನ ಮೇಲಿನ ಸಿಟ್ಟಿಗೆ ಕುರಿಯನ್ನು ಹೊಡೆದ ಹಾಗೆ ಅದು.

ಟಿಪ್ಸ್ ಪದ್ಧತಿಯೇ ಬೇಡ ಅನ್ನುವವನು ಟಿಕೆಟ್ ಕೊಳ್ಳುವಾಗಲೇ ಅದನ್ನು ತೋರಿಸಬಹುದು. ಬ್ರಿಟನ್ನಿನ ಪಿ ಆ್ಯಂಡ್ ಒ ಕ್ರೂಸಸ್ 2019ರಲ್ಲಿ ದಿನದ ಸರ್ವೀಸ್ ಚಾರ್ಜ್ ಕೈಬಿಟ್ಟಿತು. ಸೀಬೋರ್ನ್, ರೀಜೆಂಟ್‌ನಂಥ ದುಬಾರಿ ಕಂಪನಿಗಳಲ್ಲಿ ಟಿಕೆಟ್ಟಿನಲ್ಲೇ ಎಲ್ಲ ಸೇರಿರುತ್ತದೆ. ನಿನ್ನ ಟಿಕೆಟ್ ಈಗಾಗಲೇ ಆಗಿದೆ. ಹಾಗಾಗಿ ಈ ಸಲ ಆ ದುಡ್ಡು ಹಾಗೇ ಇರಲಿ, ತೆಗೆಸಬೇಡ. ಮನೆಗೆ ಬಂದ ಮೇಲೆ ಕಂಪನಿಗೆ ಕಾಗದ ಬರಿ: ಸಂಬಳವನ್ನು ಟಿಕೆಟ್ಟಿನಲ್ಲೇ ಸೇರಿಸಿ, ಕೆಲಸಗಾರರಿಗೆ ಖಾತರಿಯಾಗಿ ಕೊಡಿ ಅಂತ. ಡ್ರೆಸ್ ಕೋಡ್ ಇಷ್ಟವಾಗದಿದ್ದರೆ ಅದನ್ನೂ ಅದೇ ಕಾಗದದಲ್ಲಿ ಬರಿ. ಆ ಕಾಗದಕ್ಕೆ ನಾನೂ ಸಹಿ ಹಾಕುತ್ತೇನೆ.

ಇನ್ನೊಂದು ಮಾತು ಹೇಳದೆ ಇರಲಾರೆ. ನಾವು 'ಸರ್ವೀಸ್' ಅಂತ ಕರೆಯುವ ಈ ಜನ ಬರೀ ತಟ್ಟೆ ಹೊರುವವರಲ್ಲ. ಹಡಗಿನಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಸುರಕ್ಷತೆಯ ತರಬೇತಿ ಆಗಿರಬೇಕು. ಅಪಾಯದ ಗಂಟೆ ಹೊಡೆದರೆ ನಿನಗೆ ಲೈಫ್ ಜಾಕೆಟ್ ತೊಡಿಸಿ ದೋಣಿ ಹತ್ತಿಸುವವನು ಸೂಪು ಬಡಿಸಿದ ಹುಡುಗನೇ ಆಗಿರಬಹುದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು ವಾಲಿತು. 32 ಜನ ತೀರಿಕೊಂಡರು. ಅವರಲ್ಲಿ ಭಾರತದ ಒಬ್ಬ ವೇಟರ್ ಇದ್ದ. ಅವನ ದೇಹ ಎಲ್ಲರಿಗಿಂತ ಕೊನೆಗೆ ಸಿಕ್ಕಿತು, 2014ರ ನವೆಂಬರ್‌ನಲ್ಲಿ, ಜಿನೋವಾದಲ್ಲಿ ಹಡಗನ್ನು ಒಡೆಯುತ್ತಿದ್ದಾಗ. ಸುಮಾರು ಮೂರು ವರ್ಷ ಮನೆಯವರು ಕಾದಿದ್ದರು. ಹಡಗಿನ ಊಟದ ಹಾಲಿನಲ್ಲಿ ಯಾರಾದರೂ ಚಿಟಿಕೆ ಹೊಡೆದು ವೇಟರನ್ನು ಕರೆದಾಗ ನನಗೆ ಇದು ನೆನಪಾಗುತ್ತದೆ, ಹೊಟ್ಟೆಗೆ ಸಂಕಟ ಆಗುತ್ತದೆ.

2020ರಲ್ಲೂ ಹೀಗೇ. ಕೊರೊನಾ ಬಂದಾಗ ಪ್ರಯಾಣಿಕರನ್ನು ಹೇಗೋ ಇಳಿಸಿ ಮನೆಗೆ ಕಳಿಸಿದರು. ಕೆಲಸಗಾರರು ತಿಂಗಳುಗಟ್ಟಲೆ ಹಡಗಿನಲ್ಲೇ ಸಿಕ್ಕಿಬಿದ್ದರು. ಬಂದರುಗಳು ಒಳಗೆ ಬಿಡಲಿಲ್ಲ, ಎಷ್ಟೋ ಜನರಿಗೆ ಕಾಂಟ್ರಾಕ್ಟು ಮುಗಿದ ಮೇಲೆ ಸಂಬಳವೂ ಇರಲಿಲ್ಲ. ಅದರ ಬಗ್ಗೆ ಆಗ ಆಗಬೇಕಾದಷ್ಟು ಮಾತು ಆಗಲಿಲ್ಲ.

ಸರಿ, ನೀನು ಹೋಗಿ ಏನು ಮಾಡಬೇಕು ಅಂತ ಕೇಳಿದರೆ: ಹಳೇ ಕೋಟು ಒಂದು ಇಟ್ಟುಕೋ, ಅಥವಾ ಆ ರಾತ್ರಿ ಬಫೆಗೆ ಹೋಗು. ಗೊತ್ತುಮಾಡಿದ ಮೇಜು ಸಿಕ್ಕಿದರೆ ದಿನಾ ಅದೇ ವೇಟರ್, ಅದೇ ಅಸಿಸ್ಟೆಂಟ್ ಬರುತ್ತಾರೆ. ಹೆಸರು ಕೇಳಿ ತಿಳಿದುಕೋ, ಹೆಸರು ಹಿಡಿದು ಕರಿ. ನಿಮ್ಮ ಮೇಜೇ ಕೊನೆಯದಾಗಿದ್ದರೆ ಊಟ ಮುಗಿದ ಮೇಲೆ ಹರಟುತ್ತಾ ಕೂರಬೇಡಿ, ಹರಟೆಗೆ ಮೇಲೆ ಬೇಕಾದಷ್ಟು ಜಾಗವಿದೆ. ನೀವು ಎದ್ದ ಮೇಲೇ ಅವರ ದಿನ ಮುಗಿಯುವುದು. ನಿಂಗೆ ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡ, ಅವರಿಗೆ ಮುಜುಗರವಾಗುತ್ತದೆ. ತಪ್ಪೇನಾದರೂ ಆದರೆ ಅಲ್ಲೇ ಮೆತ್ತಗೆ ಹೇಳು, ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಸರಿಹೋಗುತ್ತದೆ.

ಮತ್ತೆ ಆ ಸರ್ವೇ ಫಾರಂ ಬಂದಾಗ ಅಳಿಸಿ ಹಾಕಬೇಡ, ಮಾರಾಯ. ಚೆನ್ನಾಗಿ ನೋಡಿಕೊಂಡವರ ಹೆಸರು ಒಂದೊಂದಾಗಿ ಬರಿ, ಏನು ಮಾಡಿದರು ಅಂತ ಎರಡು ಸಾಲು ಸೇರಿಸು. ಬಾಗಿಲಲ್ಲಿ ನಿಂತವರ ಹೆಸರನ್ನೂ ಸೇರಿಸು, ಅವರನ್ನು ಹೊಗಳಿ ಬರೆಯುವವರು ಕಡಿಮೆ.

ಕೋಟು ಇಲ್ಲದಿದ್ದರೆ ಹೇಳು, ನನ್ನದು ನಿನಗೆ ಸರಿಹೋಗುತ್ತದೆ. ಹೊರಡುವ ಮುಂಚೆ ತಂದುಕೊಡುತ್ತೇನೆ.

ನಿನ್ನ ಗೆಳೆಯ